ಮದ್ದು ಹೊಡೆಯುವ ಮುಂಚೆ ಎಲೆ ಮಗುಚಿ ನೋಡಿ

ಕೇಳುಗರಿಗೆ ನಮಸ್ಕಾರ.

ಗಿಡಕ್ಕೆ ಹೇನು ಮುತ್ತಿದೆ ಅಂದ ಕೂಡಲೇ ಮದ್ದಿನ ಬಾಟಲಿಗೆ ಕೈ ಹಾಕಬೇಡಿ. ಮೊದಲು ಒಂದು ಎಲೆ ಮಗುಚಿ ನೋಡಿ. ಹೇನುಗಳ ನಡುವೆ ಮೊಸಳೆಮರಿಯಂಥ ಪುಟ್ಟ ಕಪ್ಪು ಹುಳ ಓಡಾಡುತ್ತಿರಬಹುದು. ಮೈಮೇಲೆ ಕಿತ್ತಳೆ ಬಣ್ಣದ ಗುರುತು. ನೋಡೋಕೆ ಚೆನ್ನಾಗಿಲ್ಲ, ಹಾಗಾಗಿ ಎಷ್ಟೋ ಜನ ಅದನ್ನೇ ಮೊದಲು ಹೊಸಕಿ ಹಾಕುತ್ತಾರೆ. ಅದು ಗುಲಗಂಜಿ ಹುಳದ ಮರಿ! ಬೆಳೆದು ದೊಡ್ಡದಾಗುವಷ್ಟರಲ್ಲಿ ನೂರಾರು ಹೇನು ತಿಂದು ಮುಗಿಸುತ್ತದೆ.

ಅಲ್ಲೇ ಇನ್ನೊಂದಿಷ್ಟು ಕಣ್ಣಾಡಿಸಿ. ಕೆಲವು ಹೇನು ಊದಿಕೊಂಡು, ಕಂದು ಬಣ್ಣಕ್ಕೆ ತಿರುಗಿ ಎಲೆಗೆ ಅಂಟಿಕೊಂಡಿರುತ್ತವೆ. ಬೆನ್ನಲ್ಲಿ ದುಂಡನೆಯ ತೂತು. ಸಣ್ಣ ಕಣಜವೊಂದು ಜೀವಂತ ಹೇನಿನೊಳಗೇ ಮೊಟ್ಟೆ ಇಟ್ಟಿತ್ತು. ಮರಿ ಒಳಗಿದ್ದದ್ದನ್ನೆಲ್ಲ ತಿಂದು, ಬೆಳೆದು, ಆ ತೂತಿನಿಂದ ಹೊರಗೆ ಹಾರಿದೆ. ಕ್ರೂರ ಅನ್ನಿಸುತ್ತೆ, ಅಲ್ವಾ? ಹೇನಿಗೆ ಕ್ರೂರ, ನಮಗಲ್ಲ.

ಈಗ ಇದರ ಮೇಲೆ ಘಾಟು ಮದ್ದು ಹೊಡೆದರೆ ಹೇನೂ ಸಾಯುತ್ತದೆ, ಅದನ್ನು ತಿನ್ನುವ ಹುಳವೂ ಸಾಯುತ್ತದೆ. ಆದರೆ ಅಳಿದುಳಿದ ಹೇನು ಕೆಲವೇ ದಿನಗಳಲ್ಲಿ ಮತ್ತೆ ಹಿಂಡಾಗುತ್ತದೆ. ಅದನ್ನು ತಿನ್ನುವ ಹುಳ ಅಷ್ಟು ಬೇಗ ಹೆಚ್ಚುವುದಿಲ್ಲ.

ಇದು ಸುಮ್ನೆ ಹೇಳುವ ಮಾತಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಕಿತ್ತಳೆ, ನಿಂಬೆ ತೋಟಗಳನ್ನು ಹತ್ತಿಯಂಥ ಬಿಳಿ ಶಲ್ಕಕೀಟ ಹಾಳು ಮಾಡುತ್ತಿತ್ತು. ಆ ಕೀಟದ ತವರು ಆಸ್ಟ್ರೇಲಿಯಾ. 1888ರಲ್ಲಿ ಕೀಟತಜ್ಞ ಆಲ್ಬರ್ಟ್ ಕೋಬೆಲೆ ಅಲ್ಲಿಗೆ ಹೋಗಿ, ಅದನ್ನು ತಿನ್ನುವ ವೆಡಾಲಿಯಾ ಎಂಬ ಗುಲಗಂಜಿ ಹುಳವನ್ನು ಹುಡುಕಿ ಕಳಿಸಿದರು. ಒಂದೆರಡು ವರ್ಷದಲ್ಲೇ ತೋಟಗಳು ಚೇತರಿಸಿಕೊಂಡವು. ಮುಂದೆ 1940ರ ದಶಕದಲ್ಲಿ ಅದೇ ತೋಟಗಳಿಗೆ ಡಿಡಿಟಿ ಅನ್ನೋ ಕೀಟನಾಶಕ ಬಂತು. ವೆಡಾಲಿಯಾ ಸತ್ತಿತು, ಶಲ್ಕಕೀಟ ಮತ್ತೆ ತಲೆ ಎತ್ತಿತು.

ಹಾಗಂತ ಯಾವುದೋ ಪ್ರಾಣಿಯನ್ನು ತಂದು ಬಿಟ್ಟರೆ ಆಗುವುದಿಲ್ಲ. 1935ರಲ್ಲಿ ಆಸ್ಟ್ರೇಲಿಯಾದವರು ಕಬ್ಬಿನ ದುಂಬಿ ತಿನ್ನಲಿ ಅಂತ ದಕ್ಷಿಣ ಅಮೆರಿಕ ಮೂಲದ ನೆಲಗಪ್ಪೆ ಬಿಟ್ಟರು. ದುಂಬಿ ಕಬ್ಬಿನ ಮೇಲೆ, ಕಪ್ಪೆ ನೆಲದ ಮೇಲೆ. ದುಂಬಿ ಕಡಿಮೆಯಾಗಲಿಲ್ಲ. ವಿಷದ ಕಪ್ಪೆಯೇ ಒಂದು ಪಿಡುಗಾಯಿತು. ಸಿಕ್ಕಿದ್ದನ್ನೆಲ್ಲ ತಿನ್ನುವ ಪ್ರಾಣಿಯನ್ನು ನಂಬಬಾರದು. ಒಂದೇ ಕೀಟದ ಬೆನ್ನು ಹತ್ತುವಂಥದ್ದು ಬೇಕು.

ಕಾಂಡ ಕೊರೆಯುವ ಕೊರಕ ಹುಳಗಳಿಗೆ ಟ್ರೈಕೋಗ್ರಾಮಾ ಕಾರ್ಡ್ ಸಿಗುತ್ತದೆ, ಅಂದರೆ ಟ್ರೈಕೋಗ್ರಾಮಾದ ಮರಿ ಒಳಗಿರುವ ಮೊಟ್ಟೆಗಳನ್ನು ಅಂಟಿಸಿದ ಕಾಗದದ ಪಟ್ಟಿ. ಟ್ರೈಕೋಗ್ರಾಮಾ ಕೂಡ ಕಣಜವೇ, ಸಾಸಿವೆ ಕಾಳಿಗಿಂತ ಚಿಕ್ಕದು. ಕೊರಕದ ತಾಯಿ ಪತಂಗ ಇಟ್ಟ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ, ಹಾಗಾಗಿ ಕೊರಕ ಹುಟ್ಟುವುದೇ ಇಲ್ಲ. ಕೊರಕ ಹುಟ್ಟಿ ಕಾಂಡ ಸೇರಿದ ಮೇಲೆ ಕಾರ್ಡ್ ಕಟ್ಟಿ ಏನೂ ಪ್ರಯೋಜನವಿಲ್ಲ. ಪತಂಗ ಕಂಡಾಗಲೇ ಕಟ್ಟಿ. ಬಿಸಿಲು ಇಳಿದ ಮೇಲೆ, ಎಲೆಯ ಅಡಿಭಾಗಕ್ಕೆ, ಇರುವೆ ಮುಟ್ಟದ ಹಾಗೆ. ಕಟ್ಟುವ ಮುಂಚಿನ ಮತ್ತು ನಂತರದ ದಿನಗಳಲ್ಲಿ ಯಾವ ಕೀಟನಾಶಕವನ್ನೂ ಹೊಡೆಯಬೇಡಿ.