ಕುಕ್ಕರಿನ ಮೇಲಿನ ಮೂರಕ್ಷರ

ಕೇಳುಗ ಬಂಧುಗಳಿಗೆ ನಮಸ್ಕಾರ.

ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಕಡೆ ಕೆಲಸಕ್ಕೆ ಹೋಗಿಬರುವವರಿಗೆ ಟಿಟಿಕೆ ಎಂಬ ಮೂರಕ್ಷರ ಹೊಸದಲ್ಲ. ಬಾಗಲೂರಿನ ನಮ್ಮ ಮನೆಯಲ್ಲಿ ಅಮ್ಮ ಅವರೆಕಾಳು ಬೇಯಿಸುವ ಕುಕ್ಕರ್ ಆ ಕಂಪನಿಯದೇ. ಹಿಡಿ ಸುಟ್ಟಿದೆ, ಗ್ಯಾಸ್ಕೆಟ್ ಎಷ್ಟು ಸಲ ಬದಲಾಯಿತೋ ಲೆಕ್ಕವಿಲ್ಲ. ಮೂರು ಸಲ ಕೂಗಿದರೆ ಕಾಳು ಇವತ್ತಿಗೂ ಬೆಣ್ಣೆಯಂತಾಗುತ್ತದೆ. ಅದರ ಮೇಲಿರುವುದು ಒಬ್ಬರ ಹೆಸರು ಎಂದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ: ಟಿ. ಟಿ. ಕೃಷ್ಣಮಾಚಾರಿ.

1899ರಲ್ಲಿ ಹುಟ್ಟಿದ ಇವರು 1928ರಲ್ಲಿ ಮದರಾಸಿನಲ್ಲಿ ಸಾಬೂನು ಮೊದಲಾದ ಸಾಮಾನುಗಳ ಏಜೆನ್ಸಿ ಹಿಡಿದರು. 1937ರಲ್ಲಿ ಮದರಾಸು ಶಾಸನಸಭೆ, ಆಮೇಲೆ ದೆಹಲಿ, ಸಂವಿಧಾನ ರಚನಾ ಸಭೆ.

1948ರ ನವೆಂಬರ್ 5ರಂದು ಆ ಸಭೆಯಲ್ಲಿ ಇವರಾಡಿದ ಮಾತನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಕರಡು ಸಮಿತಿಯಲ್ಲಿದ್ದವರು ಏಳು ಜನ. ಒಬ್ಬರು ರಾಜೀನಾಮೆ ಕೊಟ್ಟರು, ಒಬ್ಬರು ತೀರಿಕೊಂಡರು, ಒಬ್ಬರು ಅಮೆರಿಕದಲ್ಲಿದ್ದರು, ಇನ್ನೊಬ್ಬರಿಗೆ ಸಂಸ್ಥಾನದ ಕೆಲಸ, ಒಂದಿಬ್ಬರು ದೆಹಲಿಯಿಂದ ದೂರ. ಕೊನೆಗೆ ಭಾರವೆಲ್ಲ ಬಿದ್ದದ್ದು ಡಾ. ಅಂಬೇಡ್ಕರರ ಮೇಲೆ ಎಂದು ಸಭೆಯ ಮುಂದೆ ಲೆಕ್ಕ ಒಪ್ಪಿಸಿದರು. ಸಂಜೆ ಅಂಗಡಿ ಮುಚ್ಚುವ ಮುಂಚೆ ಸರಕು ಎಣಿಸಿದ ಹಾಗೆ! ಇನ್ನೊಬ್ಬರು ಪಟ್ಟ ಶ್ರಮವನ್ನು ಹೀಗೆ ಬಿಡಿಬಿಡಿಯಾಗಿ ಎಣಿಸಿ ಹೇಳಿದ್ದು ದೊಡ್ಡ ಗುಣವೆಂದೇ ನನ್ನ ನಂಬಿಕೆ. ಅದೇ ಮಾತಿನಲ್ಲಿ ಉತ್ತರದವರನ್ನೂ ಕೇಳಿದರು: ನಿಮಗೆ ಇಡೀ ಭಾರತ ಬೇಕೋ, ಹಿಂದಿ ಭಾರತ ಬೇಕೋ? ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು ಆಡುವ ಗಡಿನಾಡಿನ ನಮಗೆ ಆ ಪ್ರಶ್ನೆಯ ತೂಕ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

1952ರಲ್ಲಿ ಲೋಕಸಭೆಗೆ ಬಂದು ವಾಣಿಜ್ಯ ಮತ್ತು ಕೈಗಾರಿಕಾ ಮಂತ್ರಿಯಾದರು, ಬಳಿಕ ಹಣಕಾಸು ಮಂತ್ರಿ. ವ್ಯಾಪಾರದಿಂದ ಬಂದ ಈ ಮನುಷ್ಯನೇ 1957ರಲ್ಲಿ ಸಿರಿವಂತರ ಮೇಲೆ ಸಂಪತ್ತು ತೆರಿಗೆ ಹಾಕಿದರು, ವೆಚ್ಚ ತೆರಿಗೆಯನ್ನೂ ತಂದರು. ತಮ್ಮ ಜೊತೆಯ ವರ್ತಕರ ಮುಖ ನೋಡಲಿಲ್ಲ.

ಅದೇ ವರ್ಷ ಹಣಕಾಸು ಇಲಾಖೆಯ ಕೈಕೆಳಗಿನ ಸರ್ಕಾರಿ ವಿಮಾ ಸಂಸ್ಥೆ ಎಲ್‌ಐಸಿಯು ಉದ್ಯಮಿ ಹರಿದಾಸ್ ಮುಂಧ್ರಾ ಅವರ ಆರು ಕಂಪನಿಗಳ ಷೇರಿಗೆ ಸುಮಾರು ಒಂದೂಕಾಲು ಕೋಟಿ ರೂಪಾಯಿ ಹಾಕಿತು. ಲೋಕಸಭೆಯಲ್ಲಿ ಅದನ್ನು ಎತ್ತಿದವರು ಇವರದೇ ಪಕ್ಷದ ಫಿರೋಜ್ ಗಾಂಧಿ. ನ್ಯಾಯಮೂರ್ತಿ ಛಾಗ್ಲಾ ಜನರೆದುರೇ ವಿಚಾರಣೆ ನಡೆಸಿದರು. ತಾನು ಒಪ್ಪಿಗೆ ಕೊಟ್ಟಿರಲಿಲ್ಲ ಎಂದು ಕೃಷ್ಣಮಾಚಾರಿ ವಾದಿಸಿದರು; ಇಲಾಖೆಯ ಕಾರ್ಯದರ್ಶಿ ಮಾಡಿದ್ದಕ್ಕೂ ಮಂತ್ರಿಯೇ ಹೊಣೆ ಎಂದರು ಛಾಗ್ಲಾ. ಆ ತೀರ್ಪು ಸರಿಯೇ. ಗುಮಾಸ್ತ ತಪ್ಪು ಬರೆದರೂ ಖಾತೆಗೆ ಉತ್ತರ ಹೇಳಬೇಕಾದವನು ಸಾಹುಕಾರನಲ್ಲವೇ? 1958ರ ಫೆಬ್ರವರಿಯಲ್ಲಿ ಕುರ್ಚಿ ಬಿಟ್ಟರು.

ನಾಲ್ಕು ವರ್ಷ ಕಳೆದು 1962ರಲ್ಲಿ ತಿರುಚೆಂದೂರಿನಿಂದ ಮತ್ತೆ ಚುನಾವಣೆಗೆ ನಿಂತರು. ಎದುರಿಗೆ ಒಬ್ಬ ಅಭ್ಯರ್ಥಿಯೂ ನಿಲ್ಲಲಿಲ್ಲ.

ನಮಸ್ಕಾರ.