ಚಾರ್ಜ್‌ಶೀಟ್ ಹಾಕಿದ್ರು ಸರಿ, ಆರೋಪ ಹೊರಿಸೋದು ಯಾರು?

ನಮಸ್ಕಾರ. "ಚಾರ್ಜ್‌ಶೀಟ್ ಸಲ್ಲಿಕೆ" ಅಂತ ಟಿವಿಯಲ್ಲಿ ಪಟ್ಟಿ ಓಡಿದ ಕೂಡಲೇ ಕಮೆಂಟ್‌ಗಳಲ್ಲಿ ತೀರ್ಪು ಶುರುವಾಗುತ್ತದೆ. ಸ್ವಲ್ಪ ತಡೀರಿ. ಜಾತಕ ಕಳಿಸಿದ ಮಾತ್ರಕ್ಕೆ ನಿಶ್ಚಿತಾರ್ಥ ಆಗಿಬಿಡುತ್ತಾ? ಚಾರ್ಜ್‌ಶೀಟ್ ಅಂದರೆ ತನಿಖೆ ಮುಗಿಸಿ ಪೊಲೀಸರು ಕೋರ್ಟಿಗೆ ಕೊಡುವ ವರದಿ, ಅದು ಪೊಲೀಸರ ಮಾತು ಅಷ್ಟೇ.

ಎಫ್‌ಐಆರ್, ತನಿಖೆ ಎಲ್ಲ ನಿಮಗೆ ಗೊತ್ತು, ಬಿಡಿ. 2024ರ ಜುಲೈ 1ರಿಂದ ಕ್ರಿಮಿನಲ್ ಕೇಸು ಹೇಗೆ ನಡೀಬೇಕು ಅಂತ ಹೇಳುವ ಹಳೇ ಕಾನೂನು ಸಿಆರ್‌ಪಿಸಿ ಜಾಗಕ್ಕೆ ಹೊಸ ಕಾನೂನು ಬಿಎನ್‌ಎಸ್‌ಎಸ್ ಬಂದಿದೆ. ಸೆಕ್ಷನ್ ನಂಬರ್ ಬದಲಾದರೂ ದಾರಿ ಹೆಚ್ಚುಕಮ್ಮಿ ಅದೇ. ಆರೋಪಿ ಜೈಲಲ್ಲಿದ್ದರೆ 60 ದಿನ, ಗಂಭೀರ ಕೇಸಾದರೆ 90 ದಿನದೊಳಗೆ ಪೊಲೀಸರು ವರದಿ ಕೊಡಬೇಕು. ಕೊಡದಿದ್ದರೆ ಜಾಮೀನು ಕೇಳುವ ಹಕ್ಕು ಆರೋಪಿಗೆ ಸಿಗುತ್ತದೆ.

ವರದಿ ಓದಿ, ಇದರಲ್ಲಿ ಹುರುಳಿದೆ ಅನ್ನಿಸಿದರೆ ಮ್ಯಾಜಿಸ್ಟ್ರೇಟ್ ಕಾಗ್ನಿಜೆನ್ಸ್ ತೆಗೆದುಕೊಳ್ಳುತ್ತಾರೆ, ಅಂದರೆ ಈ ಅಪರಾಧದ ಮೇಲೆ ಕೋರ್ಟ್ ಮುಂದುವರಿಯುತ್ತದೆ ಅಂತ ತೀರ್ಮಾನಿಸುತ್ತಾರೆ. ಅಲ್ಲಿವರೆಗೆ ಠಾಣೆಯ ಕ್ರೈಂ ನಂಬರಿನಲ್ಲಿದ್ದ ಫೈಲಿಗೆ ಕೋರ್ಟಿನ ಸಿ.ಸಿ. ನಂಬರ್, ಅಂದರೆ ಕೋರ್ಟಿನದೇ ಕೇಸ್ ನಂಬರ್, ಬೀಳುತ್ತದೆ. ಕೋರ್ಟಿಗೆ ಬನ್ನಿ ಅಂತ ಆರೋಪಿಗೆ ಸಮನ್ಸ್ ಹೊರಡುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ವಿಷಯ, ಬಿ ರಿಪೋರ್ಟ್. "ಕೇಸು ಸುಳ್ಳು, ಮುಚ್ಚಿಬಿಡಿ" ಅಂತ ಪೊಲೀಸರು ಬರೆದುಕೊಡುವ ವರದಿ ಇದು. ಆದರೆ ಮುಚ್ಚುವವರು ಪೊಲೀಸರಲ್ಲ! ದೂರು ಕೊಟ್ಟವರಿಗೆ ನೋಟಿಸ್ ಕೊಟ್ಟು, ಅವರ ಮಾತನ್ನೂ ಕೇಳಬೇಕು ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಅವರು ತಕರಾರು ಅರ್ಜಿ ಹಾಕಬಹುದು. ಮ್ಯಾಜಿಸ್ಟ್ರೇಟ್ ಬಿ ರಿಪೋರ್ಟ್ ತಿರಸ್ಕರಿಸಬಹುದು, ಇನ್ನಷ್ಟು ತನಿಖೆ ಮಾಡಿ ಅನ್ನಬಹುದು, ಅದೇ ಕಾಗದಗಳ ಮೇಲೆ ತಾವೇ ಕಾಗ್ನಿಜೆನ್ಸ್ ತೆಗೆದುಕೊಳ್ಳಬಹುದು. ಒಂದನ್ನು ಮಾತ್ರ ಮಾಡುವ ಹಾಗಿಲ್ಲ. "ಚಾರ್ಜ್‌ಶೀಟ್ ಹಾಕಲೇಬೇಕು" ಅಂತ ಪೊಲೀಸರಿಗೆ ಆರ್ಡರ್ ಮಾಡುವಂತಿಲ್ಲ. ಇದು 1967ರ ತೀರ್ಪು. ತನಿಖೆಯ ಅಭಿಪ್ರಾಯ ಪೊಲೀಸರದು, ತೀರ್ಮಾನ ಕೋರ್ಟಿನದು. ಒಬ್ಬರ ಪೆನ್ನು ಇನ್ನೊಬ್ಬರು ಹಿಡಿಯೋ ಹಾಗಿಲ್ಲ. ನನಗಂತೂ ಇದು ಬಹಳ ಜಾಣತನದ ಏರ್ಪಾಡು ಅನಿಸುತ್ತದೆ. ನೋಟಿಸ್ ಬಂದಾಗ ಸುಮ್ನೆ ಕೂರುವವರೇ ಜಾಸ್ತಿ ಆದರೆ ಏನು ಪ್ರಯೋಜನ, ಅಲ್ವಾ?

ಟೈಮ್ ಆಗ್ತಾ ಇದೆ, ಉಳಿದದ್ದು ಬೇಗ ಬೇಗ. ಕೊಲೆಯಂಥ ಕೇಸನ್ನು ಮ್ಯಾಜಿಸ್ಟ್ರೇಟ್ ಸೆಷನ್ಸ್ ಕೋರ್ಟಿಗೆ ಒಪ್ಪಿಸುತ್ತಾರೆ. 2 ವರ್ಷದವರೆಗಿನ ಶಿಕ್ಷೆಯ ಸಣ್ಣ ಕೇಸುಗಳಲ್ಲಿ ಆರೋಪದ ವಿವರ ಹೇಳಿದರೆ ಸಾಕು. ನಡುವಿನ ಕೇಸುಗಳಲ್ಲಿ ಆರೋಪಿಗೆ ಕಾಗದಪತ್ರಗಳ ಪ್ರತಿ ಕೊಟ್ಟು, ಎರಡೂ ಕಡೆ ವಾದ ಕೇಳುತ್ತಾರೆ. ಆಧಾರವೇ ಇಲ್ಲದಿದ್ದರೆ ಅಲ್ಲೇ ಬಿಡುಗಡೆ. ಇದ್ದರೆ ಮ್ಯಾಜಿಸ್ಟ್ರೇಟ್ ಆರೋಪವನ್ನು ಬರವಣಿಗೆಯಲ್ಲಿ ಹೊರಿಸಿ, ಓದಿ, ಅರ್ಥ ಮಾಡಿಸಿ ಕೇಳುತ್ತಾರೆ: "ತಪ್ಪು ಒಪ್ಪಿಕೊಳ್ತೀರಾ?"

"ಇಲ್ಲ ಸ್ವಾಮಿ" ಅಂದರೆ ಸಾಕ್ಷಿಗಳಿಗೆ ಸಮನ್ಸ್. ಸಾಕ್ಷಿಗಳ ವಿಚಾರಣೆ ಶುರುವಾಗುವುದೇ ಆಗ.