ಮುಗಿಯದ ಟೇಪು, ಮೊಟಕಾದ ಪದ

ಕೇಳುಗರಿಗೆ ನಮಸ್ಕಾರ.

ಕಲಬುರಗಿ, ಬೀದರ್, ಯಾದಗಿರಿ ಸೀಮೆಯ ಹಾಡುಗಳು ಗಡಿಯಾರ ನೋಡಿಕೊಂಡು ಹುಟ್ಟಿದವಲ್ಲ. ಜೋಳದ ರಾಶಿಯ ಕಾಲದಲ್ಲಿ ಕಣದ ನಡುವಿನ ಮೇಟಿಯ ಸುತ್ತ ಎತ್ತುಗಳನ್ನು ತಿರುಗಿಸುತ್ತ ಹೇಳುತ್ತಿದ್ದ ಹಂತಿ ಪದ, ತೆನೆ ತುಳಿದು ಮುಗಿಯುವ ತನಕ ರಾತ್ರಿಯುದ್ದಕ್ಕೂ ಸಾಗುತ್ತಿತ್ತು. ಭಜನೆಗೆ ಕುಳಿತವರು ಅನುಭಾವಿ ಕವಿ ಕಡಕೋಳ ಮಡಿವಾಳಪ್ಪನವರ ತತ್ವಪದವೊಂದನ್ನು ಎತ್ತಿಕೊಂಡರೆ, ಪ್ರತಿ ನುಡಿಯ ನಂತರ ಪಲ್ಲವಿಗೆ ಮರಳಿ, ಅಲ್ಲಿ ಬೇಕಾದಷ್ಟು ಹೊತ್ತು ನಿಂತು, ಅರ್ಥ ಎದೆಗಿಳಿದ ಮೇಲೆಯೇ ಮುಂದಿನ ನುಡಿಗೆ ಹೋಗುತ್ತಾರೆ. ಮೊಹರಂನ ರಿವಾಯತ್ ಪದದಲ್ಲಿ ಒಂದು ಮೇಳದ ಸವಾಲಿಗೆ ಇನ್ನೊಂದು ಮೇಳದ ಜವಾಬು ಯಾವಾಗ ಬಂದೀತೆಂದು ಯಾರೂ ಮೊದಲೇ ಹೇಳಲಾರರು. ತಟ್ಟೆ, ಟೇಪುಗಳ ಅನಲಾಗ್ ಮಾಧ್ಯಮದಿಂದ ಧ್ವನಿಯನ್ನು ಅಂಕಿಗಳಾಗಿ ಬರೆದಿಡುವ ಡಿಜಿಟಲ್ ಮಾಧ್ಯಮಕ್ಕೆ ನಾವು ದಾಟಿದ್ದನ್ನು ಈ ಹಾಡುಗಳ ಕಡೆಯಿಂದ ನೋಡಬೇಕೆಂಬುದು ನನ್ನ ಬಯಕೆ.

ಧ್ವನಿಮುದ್ರಣ ಬಂದ ದಿನದಿಂದಲೂ ಯಂತ್ರವೇ ಹಾಡಿನ ಅಳತೆಯನ್ನು ನಿರ್ಧರಿಸಿತು. 1902ರ ನವೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮಫೋನಿಗಾಗಿ ಹಾಡಿದಾಗ ಅವರಿಗೆ ದೊರೆತದ್ದು ಸುಮಾರು ಮೂರು ನಿಮಿಷ. ತಟ್ಟೆಗಳನ್ನು ಅಚ್ಚು ಹಾಕುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನವರಿಗೆ ಗುರುತು ಸಿಗಲೆಂದು ಹಾಡಿನ ಕೊನೆಗೆ ತಮ್ಮ ಹೆಸರನ್ನೂ ಅವರು ಅದೇ ಮೂರು ನಿಮಿಷದೊಳಗೆ ಹೇಳಬೇಕಾಗಿತ್ತು. ಗಂಟೆಗಟ್ಟಲೆ ಬೆಳೆಯಬಲ್ಲ ರಾಗದಿಂದ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ಆರಿಸುವುದೇ ಅಂದಿನ ಕಲಾವಿದರಿಗೆ ಹೊಸ ಸೃಜನಶೀಲ ಕೆಲಸವಾಯಿತು. ಅದನ್ನು ನಾನು ಬರೀ ನಷ್ಟವೆಂದು ಎಣಿಸುವುದಿಲ್ಲ. ಆದರೆ ಹಂತಿ ಪದಕ್ಕೆ ಅಂಥ ಮೂರು ನಿಮಿಷ ಏನೇನೂ ಸಾಲದು.

1935ರಲ್ಲಿ ಬರ್ಲಿನ್‌ನಲ್ಲಿ ಮೊದಲ ಸಲ ಪ್ರದರ್ಶನಗೊಂಡ ಮ್ಯಾಗ್ನೆಟೋಫೋನ್ ಎಂಬ ಟೇಪ್ ರೆಕಾರ್ಡರ್ ಈ ಮಿತಿಯನ್ನು ಸಡಿಲಿಸಿತು. 1966ರಲ್ಲಿ ಕಲಬುರಗಿಯಲ್ಲಿ ಆಕಾಶವಾಣಿ ಆರಂಭವಾಗುವ ಹೊತ್ತಿಗೆ ಬಾನುಲಿಯ ಕೆಲಸವೆಂದರೆ ಸ್ಪೂಲ್ ಟೇಪಿನ ಕೆಲಸವೇ ಆಗಿತ್ತು. ಕಾಲು ಇಂಚು ಅಗಲದ ಟೇಪು ಸೆಕೆಂಡಿಗೆ ಸುಮಾರು 19 ಸೆಂಟಿಮೀಟರ್ ವೇಗದಲ್ಲಿ ಓಡುತ್ತದೆ; 1200 ಅಡಿಯ ಒಂದು ಸ್ಪೂಲು ಅರ್ಧ ಗಂಟೆಯ ಮೇಲೆ ಒಂದೆರಡು ನಿಮಿಷ ಬರುತ್ತದೆ. ಈ ಲೆಕ್ಕದಲ್ಲಿ ಒಂದು ಸೊಗಸಿದೆ. ಗಾಯಕನು ಅರ್ಧ ಸೆಕೆಂಡು ಉಸಿರೆಳೆದುಕೊಂಡರೆ ಆ ಉಸಿರು ಸುಮಾರು ಒಂಬತ್ತೂವರೆ ಸೆಂಟಿಮೀಟರ್ ಉದ್ದದ ವಸ್ತುವಾಗಿ ಸಂಪಾದಕನ ಬೆರಳುಗಳ ನಡುವೆ ಇರುತ್ತಿತ್ತು. ಆತ ಎರಡೂ ಸ್ಪೂಲುಗಳನ್ನು ಕೈಯಿಂದಲೇ ನಿಧಾನವಾಗಿ ಹಿಂದಕ್ಕೂ ಮುಂದಕ್ಕೂ ತಿರುಗಿಸಿ, ಆ ಮಂದಗತಿಯ ಗೊಗ್ಗರು ಸದ್ದಿನಲ್ಲಿ ಮಾತಿನ ಅಂಚನ್ನು ಹುಡುಕುತ್ತಿದ್ದ. ಕ, ತ, ಪ ಮೊದಲಾದ ಅಕ್ಷರಗಳ ಹಿಂದೆ ಬಾಯಿ ಮುಚ್ಚಿಕೊಂಡಿರುವ ಒಂದು ಚಿಕ್ಕ ಮೌನವಿರುತ್ತದೆ. ಅಲ್ಲಿ ಮೇಣದ ಪೆನ್ಸಿಲಿನಿಂದ ಗುರುತು ಹಾಕಿ, ಬ್ಲೇಡನ್ನು ಓರೆಯಾಗಿ ಹಿಡಿದು ಕತ್ತರಿಸುತ್ತಿದ್ದ. ಓರೆಯಾಗಿ ಏಕೆಂದರೆ, ನೇರವಾಗಿ ಕತ್ತರಿಸಿದರೆ ಒಂದು ಧ್ವನಿಯಿಂದ ಇನ್ನೊಂದಕ್ಕೆ ಹೋಗುವಾಗ ಟಕ್ಕೆಂಬ ಸದ್ದು ಕೇಳುವ ಸಂಭವವಿತ್ತು, ಬೆಸುಗೆಯೂ ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ. ಮೂಲ ಟೇಪನ್ನೇ ಕತ್ತರಿಸಬೇಕಾದ್ದರಿಂದ ಬ್ಲೇಡು ಇಳಿಯುವ ಮುನ್ನ ಅದೇ ತುಣುಕನ್ನು ಮತ್ತೆ ಮತ್ತೆ ಕೇಳದೆ ಗತ್ಯಂತರವಿರಲಿಲ್ಲ. ಆ ಕೇಳುವಿಕೆಯೇ ಆ ಕಾಲದ ನಿಜವಾದ ವಿದ್ಯೆ ಎಂದು ನಾನು ನಂಬಿದ್ದೇನೆ.

ಡಿಜಿಟಲ್ ಬಂದ ಮೇಲೆ ಧ್ವನಿ ಪರದೆಯ ಮೇಲಿನ ಅಲೆಯಾಗಿ ಕಾಣಿಸತೊಡಗಿತು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನು 16 ಬಿಟ್‌ಗಳ ಅಂಕಿಯಾಗಿ ಬರೆದಿಡುತ್ತಾರೆ. ಹೀಗೆ ತುಂಡುತುಂಡಾಗಿ ಅಳೆದಾಗ ನಡುವಿನ ಧ್ವನಿ ಕಳೆದುಹೋಗುತ್ತದೆ ಎಂಬ ದೂರನ್ನು ಸಂಗೀತ ಬಲ್ಲವರ ಬಾಯಿಂದಲೂ ಕೇಳುತ್ತೇವೆ, ಅದು ಸರಿಯಲ್ಲ. ಧ್ವನಿಯ ಅತಿ ಹೆಚ್ಚಿನ ಕಂಪನ ದರದ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆದರೆ ಅಲೆಯನ್ನು ಪೂರ್ಣವಾಗಿ ಮರಳಿ ಕಟ್ಟಬಹುದು, ಮತ್ತು ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳ ಆಚೆಗೆ ಕೇಳುವುದಿಲ್ಲ. ನಾವು ಕಳೆದುಕೊಳ್ಳುತ್ತಿರುವುದು ಬೇರೆ ಕಡೆ. ಫೋನಿನಲ್ಲಿ ಮಾತು ಸ್ಪಷ್ಟವಾಗಲೆಂದು ಗದ್ದಲ ತೆಗೆಯುವ ತಂತ್ರಾಂಶವು, ಒಂದೇ ಸಮನೆ ಮಿಡಿಯುವ ಏಕತಾರಿಯ ಶ್ರುತಿಯನ್ನೂ ಫ್ಯಾನಿನ ಸದ್ದಿನಂತೆಯೇ ಅಳಿಸಿಹಾಕಬಹುದು. ಪರದೆ ನೋಡಿ ಸಂಪಾದಿಸುವವರು ಅಲೆ ಸಪ್ಪಟೆಯಾದ ಕಡೆಯನ್ನೆಲ್ಲ ಖಾಲಿ ಎಂದು ಬಗೆದು ತೆಗೆಯುತ್ತಾರೆ. ತತ್ವಪದದಲ್ಲಾದರೋ ಆ ಜಾಗದಲ್ಲಿ ಹಾಡುವವನ ಉಸಿರಿರುತ್ತದೆ, ಕೇಳುವವನ ಆಲೋಚನೆಯಿರುತ್ತದೆ.

ಈ ಹಾಡುಗಳಿಗೆ ಬೇಕಾಗಿದ್ದುದು ಹೊತ್ತು. ಅದನ್ನು ಡಿಜಿಟಲ್ ಕೊಟ್ಟಿದೆ. ಸೆಕೆಂಡಿಗೆ 96,000 ಸಲ ಅಳೆದು, 24 ಬಿಟ್‌ಗಳಲ್ಲಿ, ಎರಡು ವಾಹಿನಿಗಳಲ್ಲಿ ದಾಖಲಿಸಿದರೂ ಒಂದು ಗಂಟೆಗೆ ಎರಡು ಗಿಗಾಬೈಟ್‌ಗಿಂತ ತುಸು ಹೆಚ್ಚು ಜಾಗ ಸಾಕು. 64 ಗಿಗಾಬೈಟ್‌ನ, ಬೆರಳ ಉಗುರಿನಷ್ಟು ದೊಡ್ಡ ಕಾರ್ಡಿನಲ್ಲಿ ಇಡೀ ರಾತ್ರಿಯ ಭಜನೆ ಹಿಡಿದು, ಮರುದಿನಕ್ಕೂ ಜಾಗ ಉಳಿಯುತ್ತದೆ. ಸ್ಪೂಲು ಬದಲಿಸುವುದಕ್ಕಾಗಿ ಹಾಡುಗಾರರನ್ನು ತಡೆಯುವ ಅಗತ್ಯವಿಲ್ಲ. ಹೀಗಿರುವಾಗ ನಾವು ಆ ರಾತ್ರಿಯಿಂದ ಮೂವತ್ತು ಸೆಕೆಂಡಿನ ತುಣುಕೊಂದನ್ನು ಕಿತ್ತು ಹಂಚುತ್ತಿರುವುದು ನನಗೆ ನಿಜಕ್ಕೂ ನೋವು ತರುತ್ತದೆ. ಗ್ರಾಮಫೋನಿನ ಕಾಲದಲ್ಲಿ ಮೊಟಕುಗೊಳಿಸಿದ್ದು ಯಂತ್ರ. ಇಂದು ಯಾವ ಯಂತ್ರವೂ ಒತ್ತಾಯಿಸದಿದ್ದರೂ ನಾವೇ ಮೊಟಕುಗೊಳಿಸುತ್ತಿದ್ದೇವೆ. ಪಲ್ಲವಿಗೆ ಮರಳುವ ಹಾಡಿನಿಂದ ಮರಳುವಿಕೆಯನ್ನೇ ತೆಗೆದರೆ, ಉಳಿದ ನುಡಿ ಎಷ್ಟು ಸ್ವಚ್ಛವಾಗಿ ಕೇಳಿಸಿದರೇನು?

ರಾಶಿಗೆ ಯಂತ್ರ ಬಂದ ಮೇಲೆ ಹಂತಿ ಕಟ್ಟುವವರು ಇಲ್ಲವಾಗಿದ್ದಾರೆ. ಆ ಪದ ಬಲ್ಲ ಹಿರಿಯರು ಮಾತ್ರ ಅಲ್ಲಲ್ಲಿ ಇದ್ದಾರೆ. ಜೇವರ್ಗಿ, ಆಳಂದ, ಸುರಪುರ, ಭಾಲ್ಕಿ ಕಡೆಯ ಮನೆಗಳಲ್ಲಿ ಇಂಥ ಹಾಡುಗಳ ಹಳೆಯ ಕ್ಯಾಸೆಟ್ಟುಗಳಿದ್ದರೆ ಅವುಗಳನ್ನು ಇನ್ನೊಂದು ಬೇಸಿಗೆಗೆ ಬಿಡಬೇಡಿ. ನಲವತ್ತು ಡಿಗ್ರಿ ದಾಟುವ ನಮ್ಮ ಬಿಸಿಲು ಟೇಪಿನ ಆಕಾರವನ್ನು ಕೆಡಿಸುತ್ತದೆ, ಮಳೆಗಾಲದ ತೇವ ಬೂಷ್ಟು ಹಿಡಿಸುತ್ತದೆ. ಬೂಷ್ಟು ಕಂಡ ಟೇಪನ್ನು ಮನೆಯ ಯಂತ್ರಕ್ಕೆ ಹಾಕದೆ, ಬಲ್ಲವರಿಗೆ ತೋರಿಸಿ. ಉಳಿದವುಗಳನ್ನು, ಟೇಪನ್ನು ಓದುವ ಹೆಡ್ ಒರೆಸಿದ ಒಳ್ಳೆಯ ಯಂತ್ರದಲ್ಲಿ ಮೊದಲಿನಿಂದ ಕೊನೆಯವರೆಗೆ ನುಡಿಸಿ, ಕೆಮ್ಮು, ಮಾತು, ತಾಳ ಸರಿಪಡಿಸಿಕೊಳ್ಳುವ ಸದ್ದು ಎಲ್ಲವನ್ನೂ ಸೇರಿಸಿ, ಎಂಪಿ3ಗೆ ಕುಗ್ಗಿಸದೆ ದಾಖಲಿಸಿ. ಹಾಡಿದವರು ಯಾರು, ಯಾವ ಊರು, ಯಾವ ಸಂದರ್ಭ ಎಂಬುದನ್ನು ಆಗಲೇ ಬರೆದಿಡಿ. ಆ ಪ್ರತಿಯನ್ನು ಎರಡು ಬೇರೆ ಬೇರೆ ಜಾಗಗಳಲ್ಲಿ ಮುಟ್ಟದೆ ಇಟ್ಟು, ಕತ್ತರಿಸುವುದಿದ್ದರೆ ಮೂರನೆಯ ಪ್ರತಿಯಲ್ಲಿ, ಇಡೀ ಹಾಡನ್ನು ಒಮ್ಮೆಯಾದರೂ ಕೇಳಿದ ಮೇಲೆ ಕತ್ತರಿಸಿ. ನಮಸ್ಕಾರ.